ಆಪರೇಷನ್ ಆದ ಮೇಲೆ ಸಿಸ್ಟರ್ ಎಲ್ಲಿ?

ನಂಜನಗೂಡು ಕಡೆಯ ತಗಡೂರು ಸೀಮೆಯ ಹೆಂಗಸಿಗೆ ಸರ್ಕಾರಿ ಸಿಸ್ಟರ್ ಹತ್ತಿರವಾಗುವುದು ಬಸುರಿನಲ್ಲಿ. ತಾಯಿ ಕಾರ್ಡು, ಕಬ್ಬಿಣದ ಮಾತ್ರೆ, ಹೆರಿಗೆ, ಮಗುವಿನ ಚುಚ್ಚುಮದ್ದು ಎಂದು ನಾಲ್ಕಾರು ವರ್ಷ ಓಡಾಟ. ಸಂತಾನಹರಣ ಆಪರೇಷನ್ ಆಯಿತೋ, ಆ ನಂಟು ಕಡಿಯಿತು. ಬಹಳ ಮಂದಿಗೆ ಆಗಿನ್ನೂ ಮೂವತ್ತು ತುಂಬಿರುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಶುರುವಾಗಬೇಕಾದದ್ದೇ ಮೂವತ್ತಕ್ಕೆ: 30ರಿಂದ 65ರವರೆಗೆ, ಐದು ವರ್ಷಕ್ಕೊಮ್ಮೆ ಎನ್ನುತ್ತದೆ ಕೇಂದ್ರದ 2016ರ ಮಾರ್ಗಸೂಚಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದಲ್ಲಿ 30–49ರ ವಯಸ್ಸಿನವರಲ್ಲಿ ಒಮ್ಮೆಯಾದರೂ ಇದನ್ನು ಮಾಡಿಸಿಕೊಂಡವರು ಶೇ 1.9. ಈ ಸೋಲನ್ನು ಹೆಂಗಸರ ನಾಚಿಕೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ. ಹೆರಿಗೆ ಕೋಣೆಯಲ್ಲಿ ಸಿಸ್ಟರ್ ಕೈ ಹಿಡಿದು ನೋವು ತಿಂದವರು ಅವರು.

ಪರೀಕ್ಷೆ ದೊಡ್ಡದಲ್ಲ. ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷ ಕಾದು, ಬೆಳಕು ಬಿಟ್ಟು ನೋಡುವುದು. ದೋಷವಿರುವ ಕಡೆ ಬೆಳ್ಳಗಾಗುತ್ತದೆ. ಇದನ್ನು ನರ್ಸುಗಳು ಮಾಡಬಲ್ಲರೇ ಎಂಬ ಅನುಮಾನ ಮುಗಿದ ಮಾತು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ನರ್ಸುಗಳು ತಪಾಸಣೆ ನಡೆಸಿದ ಕಡೆ ಈ ಕ್ಯಾನ್ಸರಿನ ಸಾವು ಶೇ 35ರಷ್ಟು ಇಳಿದಿತ್ತು. ಆದರೆ ಅಲ್ಲಿನ ನರ್ಸುಗಳು ನೋಡಿ ಸುಮ್ಮನಾಗಲಿಲ್ಲ. ದೋಷ ಕಂಡವರಲ್ಲಿ ಚಿಕಿತ್ಸೆಗೆ ತಕ್ಕವರಿಗೆ ಅದೇ ಭೇಟಿಯಲ್ಲಿ, ಆ ಭಾಗವನ್ನು ಹೆಪ್ಪುಗಟ್ಟಿಸಿ ನಾಶಮಾಡುವ ಕ್ರಯೋಥೆರಪಿಯನ್ನೂ ಕೊಟ್ಟರು. ನಮ್ಮ ಪದ್ಧತಿ ಇದರಲ್ಲಿ ಅರ್ಧವನ್ನಷ್ಟೇ ಎತ್ತಿಕೊಂಡಿದೆ. ಬಿಳಿ ಕಂಡರೆ ಚೀಟಿ ಬರೆದು ಮೇಲಿನ ಆಸ್ಪತ್ರೆಗೆ ಕಳಿಸುವುದು. ನಾಟಿಯ ದಿನಗಳಲ್ಲಿ ಕೂಲಿ ಬಿಟ್ಟು, ನಂಜನಗೂಡಿನ ಮೇಲೆ ಹಾದು ಮೈಸೂರಿನ ದೊಡ್ಡಾಸ್ಪತ್ರೆಗೆ, ನೋವೇ ಇಲ್ಲದ ಕಾಯಿಲೆಗೆ, ಯಾರು ಹೋದಾರು?

ಇನ್ನೊಂದು ಕೊರತೆ ಕಣ್ಣಿನದು. ಸೋಂಕಿನ ಬಿಳುಪನ್ನೂ ರೋಗದ ಬಿಳುಪನ್ನೂ ಬೇರೆ ಮಾಡಿ ನೋಡಲು, ಪಳಗಿದವರ ಪಕ್ಕದಲ್ಲಿ ನಿಂತು ಹತ್ತಾರು ಮಂದಿಯನ್ನು ನೋಡಿರಬೇಕು. ಸಭಾಂಗಣದ ಚಿತ್ರಗಳು ಸಾಲವು. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗವೇ ಒಳಗೆ ಸರಿದಿರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, ಈ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆಗೆ ಮೊದಲ ಮಣೆ ಹಾಕಿತು. ಅದರ ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಡಬಹುದು. ಮೈಸೂರಿನ ಸುತ್ತಲ ಹಳ್ಳಿಗಳಲ್ಲೇ ಸಂಶೋಧಕರು ಇದನ್ನು ಮಾಡಿ ನೋಡಿದ್ದಾರೆ. ಆಗಲೂ ಕಡ್ಡಿ ಕೊಟ್ಟು ವಿವರಿಸಲು, ಫಲಿತಾಂಶ ಹಿಡಿದು ಮನೆಗೆ ಹೋಗಲು ಪರಿಚಯದ ಸಿಸ್ಟರೇ ಬೇಕು.

ನಾನು ಕೇಳುವುದು ಸಣ್ಣದು. ಆಪರೇಷನ್ ಮುಗಿಸಿ ಮನೆಗೆ ಕಳಿಸುವ ದಿನ, ತಾಯಿ ಕಾರ್ಡಿನ ಕೊನೆಯ ಪುಟದಲ್ಲಿ ಸಿಸ್ಟರ್ ತಮ್ಮ ಕೈಯಾರೆ ಬರೆಯಲಿ: ಮೂವತ್ತು ತುಂಬಿದ ತಿಂಗಳು ಬಾ, ನಾನೇ ನೋಡುತ್ತೇನೆ.