ರೋಬೋಟ್ ಎಂಬ ಬಿಟ್ಟಿಯಾಳು

'ಯಂತ್ರಮಾನವ' ಎಂಬ ಪದದ ಮೇಲೆ ನನಗೊಂದು ತಕರಾರಿದೆ. ಕೇಳಲು ಗಂಭೀರವಾಗಿದೆ, ಪಠ್ಯಪುಸ್ತಕಕ್ಕೆ ಹೇಳಿಮಾಡಿಸಿದಂತಿದೆ. ಆದರೆ ಮೂಲದಲ್ಲಿದ್ದ ಕಹಿ ಅದರಲ್ಲಿ ಉಳಿದಿಲ್ಲ. 'ರೋಬೋಟ್' ಜಗತ್ತಿಗೆ ಬಂದದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕದಿಂದ. ಪದ ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಚೆಕ್ ಭಾಷೆಯಲ್ಲಿ 'ರೋಬೋಟಾ' ಎಂದರೆ ಒಡೆಯನ ಹೊಲದಲ್ಲಿ ರೈತ ಕೂಲಿಯಿಲ್ಲದೆ ಗೇಯಬೇಕಾದ ಕೆಲಸ. ಇದಕ್ಕೆ ನಮ್ಮಲ್ಲಿ ಪದವಿಲ್ಲವೇ? ಬಿಟ್ಟಿ! ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಪಂಪ ಹೇಳಿಕೊಂಡ. ಆ ಪುಲಿಗೆರೆ ಇಂದಿನ ಲಕ್ಷ್ಮೇಶ್ವರ, ನಮ್ಮ ಗದಗ ಜಿಲ್ಲೆಯ ಊರು. ಅಂಥ ನೆಲದಲ್ಲಿ ಕೂತು ನಾವು 'ಬಿಟ್ಟಿಯಾಳು' ಬಿಟ್ಟು 'ಯಂತ್ರಮಾನವ'ನನ್ನು ಒಪ್ಪಿಕೊಂಡೆವು.

ಇನ್ನೊಂದು ವಿಚಿತ್ರವೆಂದರೆ ಚಾಪೆಕ್‌ನ ರೋಬೋಟುಗಳು ಲೋಹದವೇ ಅಲ್ಲ. ಅವನ ಕಾರ್ಖಾನೆಯಲ್ಲಿ ಜೀವದ್ರವ್ಯವನ್ನು ಹಿಟ್ಟಿನಂತೆ ನಾದುತ್ತಾರೆ; ನರಗಳನ್ನೂ ರಕ್ತನಾಳಗಳನ್ನೂ ಗಿರಣಿಯಲ್ಲಿ ನೂಲುತ್ತಾರೆ. ಬೆಟಗೇರಿಯ ಮಗ್ಗಗಳ ಸದ್ದು ಕೇಳಿದವರಿಗೆ ಈ ಗಿರಣಿ ಬರೀ ಕಲ್ಪನೆಯಾಗಿ ಕಾಣುವುದಿಲ್ಲ. ಕೊನೆಗೆ ರೋಬೋಟುಗಳು ದಂಗೆಯೆದ್ದು ಮನುಷ್ಯರನ್ನೆಲ್ಲ ಕೊಲ್ಲುತ್ತವೆ, ಅಲ್ಕ್ವಿಸ್ಟ್ ಒಬ್ಬನನ್ನು ಬಿಟ್ಟು. ಕಾರಣ ಇಷ್ಟೇ: ಅವನೂ ತಮ್ಮಂತೆ ಕೈಯಿಂದ ದುಡಿಯುವವನು.

ಕನ್ನಡ ಸಿನಿಮಾ ಈ ಎಳೆಯನ್ನು ಹಿಡಿಯಲಿಲ್ಲ. 2002ರ 'ಹಾಲಿವುಡ್'ನಲ್ಲಿ ಉಪೇಂದ್ರರ ರೋಬೋಟ್ ಪ್ರೀತಿಗೆ ಬೀಳುತ್ತದೆ. ನೋಡಲು ಮಜವಾಗಿದೆ, ನಾನೂ ನಕ್ಕಿದ್ದೇನೆ. ಆದರೆ ಅಲ್ಲಿ ಪ್ರಶ್ನೆ ಹುಡುಗಿ ಯಾರಿಗೆ ಎಂಬುದು, ದುಡಿಮೆ ಯಾರದು ಎಂಬುದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಸ್ರೋ 'ವ್ಯೋಮಮಿತ್ರ'ಳನ್ನು ತೋರಿಸಿದಾಗಲೂ ಮಾತೆಲ್ಲ ಅವಳ ಮುಖದ ಮೇಲೆ, ಹೆಣ್ಣುದನಿಯ ಮೇಲೆ.

ಮುಖ ಅಷ್ಟು ಮುಖ್ಯವೇ? ಕೈಮಗ್ಗದವರ ಅನ್ನಕ್ಕೆ ಕೈಹಾಕಿದ ಪವರ್‌ಲೂಮಿಗೆ ಕಣ್ಣೂ ಇರಲಿಲ್ಲ, ಮೂಗೂ ಇರಲಿಲ್ಲ. ಮನುಷ್ಯಾಕಾರದ ಯಂತ್ರ ಬಂದೀತೆಂದು ಬೆದರಿ ಬಾಗಿಲು ಕಾಯುವವರು ಹಿತ್ತಿಲಿಂದ ಬಂದದ್ದನ್ನು ನೋಡಿಲ್ಲ.

ಈಗಿನ ಹ್ಯೂಮನಾಯ್ಡ್‌ಗಳನ್ನೇ ನೋಡಿ. 2024ರ ಅಕ್ಟೋಬರಿನಲ್ಲಿ ಟೆಸ್ಲಾ ಕಂಪನಿಯ ಆಪ್ಟಿಮಸ್ ರೋಬೋಟುಗಳು ಅತಿಥಿಗಳಿಗೆ ಪಾನೀಯ ಹಂಚಿದವು, ಹರಟಿದವು. ದೂರದಿಂದ ಅವುಗಳನ್ನು ಆಡಿಸುತ್ತಿದ್ದವರು ಮನುಷ್ಯರೆಂಬುದು ಬೇಗನೆ ಬಯಲಾಯಿತು. ನಮ್ಮ ತೊಗಲುಗೊಂಬೆಯವರು ಪರದೆಯ ಹಿಂದಿರುತ್ತಾರೆ, ಅದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಇನ್ನು ತಮಿಳುನಾಡಿನ ಕರೂರು ನೇಯ್ಗೆಯ ಊರು. ಅಲ್ಲಿ ಯುವಕರು ತಲೆಗೆ ಕ್ಯಾಮೆರಾ ಕಟ್ಟಿಕೊಂಡು ದಿನವಿಡೀ ಟವೆಲ್ ಮಡಚುತ್ತಾರೆ. ಆ ವಿಡಿಯೊ ನೋಡಿ ರೋಬೋಟ್ ಮಡಚುವುದನ್ನು ಕಲಿಯಬೇಕು. ಅವರಿಗೆ ಸಂಬಳವಿದೆ, ಹಾಗಾಗಿ ಅದು ಬಿಟ್ಟಿಯಲ್ಲ. ಆದರೆ ನಾಳೆ ರೋಬೋಟ್ ಮಡಚುವ ಪ್ರತಿ ಟವೆಲಿನಲ್ಲೂ ಅವರ ಕೈಚಳಕವಿರುತ್ತದೆ, ಅದಕ್ಕೆ ಕೂಲಿ ಕೊಡುವವರು ಯಾರು?

'ಆರ್.ಯು.ಆರ್.' ಅನ್ನು ಯಾರಾದರೂ ನಮ್ಮ ಕಡೆಯ ಮಾತಿನಲ್ಲಿ ಆಡಿಸಬೇಕು. ಬೆಟಗೇರಿಯಲ್ಲೇ ಆಗಲಿ. ಅಲ್ಕ್ವಿಸ್ಟ್‌ನ ಪಾತ್ರಕ್ಕೆ ನೇಕಾರರೊಬ್ಬರು ಸಿಕ್ಕರೆ ಅವರಿಗೆ ನಟನೆಯ ತರಬೇತಿ ಹೆಚ್ಚೇನೂ ಬೇಕಾಗದು.