ಸಾಲದ ಬೇಲಿ ಯಾರ ಕೈಯಲ್ಲಿರಬೇಕು?

ರಾಜ್ಯಗಳು ಮಾಡುವ ಸಾಲಕ್ಕೆ ಸಂವಿಧಾನದಲ್ಲೇ ಕಟ್ಟುನಿಟ್ಟಿನ ಮಿತಿ ಬರೆದುಬಿಡಬೇಕು ಎಂಬ ವಾದ ಆಗಾಗ ಕೇಳಿಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ಆದರೆ ಹಾಸಿಗೆಯ ಅಳತೆ ತೆಗೆಯುವವರು ಯಾರು ಎಂದು ಈ ವಾದ ಕೇಳುವುದೇ ಇಲ್ಲ.

ಸಂವಿಧಾನದ 293ನೇ ವಿಧಿ ಆ ಅಧಿಕಾರವನ್ನು ಮೊದಲು ಕೊಟ್ಟಿರುವುದು ರಾಜ್ಯದ ಶಾಸಕಾಂಗಕ್ಕೆ. ಕರ್ನಾಟಕ 2002ರಲ್ಲಿ, ದೇಶದಲ್ಲೇ ಮೊದಲಿಗೆ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿತು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3ನ್ನು, ಒಟ್ಟು ಸಾಲದ ಹೊಣೆ ಶೇ. 25ನ್ನು ಮೀರಬಾರದು ಎಂಬುದು ಅದರ ನಿಯಮ. 2025ರ ಮಾರ್ಚ್‌ನಲ್ಲಿ ಮಂಡಿಸಿದ ಬಜೆಟ್ಟಿನ ಅಂದಾಜು ಶೇ. 2.95 ಮತ್ತು ಶೇ. 24.91. ಬೇಲಿ ದಾಟಿಲ್ಲ, ನಿಜ. ಆದರೆ ಅದೇ ಬಜೆಟ್ಟಿನಲ್ಲಿ 19,262 ಕೋಟಿ ರೂಪಾಯಿ ರಾಜಸ್ವ ಕೊರತೆಯಿತ್ತು. ಅಂದರೆ ಸಾಲದ ಒಂದು ಪಾಲು ದಿನದ ಖರ್ಚಿಗೇ ಹೋಗುವಂಥದ್ದು. ಶೇಕಡಾವಾರು ಮಿತಿ ಸಾಲದ ತೂಕ ನೋಡುತ್ತದೆಯೇ ಹೊರತು ಮೂಟೆಯೊಳಗೆ ಏನಿದೆ ಎಂದು ನೋಡುವುದಿಲ್ಲ. ಸೊರಬದ ಮೂಡಿ, ಮೂಗೂರು ಏತ ನೀರಾವರಿಯಂಥ ಕೆಲಸಕ್ಕೆ ತಂದ ಸಾಲವೂ, ಹಳೆಯ ಸಾಲದ ಬಡ್ಡಿ ತೀರಿಸಲು ತಂದ ಸಾಲವೂ ಅದಕ್ಕೆ ಒಂದೇ.

ಅದೇ 293ನೇ ವಿಧಿಗೆ ಇನ್ನೊಂದು ಮುಖವಿದೆ. ಕೇಂದ್ರಕ್ಕೆ ಬಾಕಿಯಿರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು. 2020-21ರಿಂದ ಕೇಂದ್ರ ರಾಜ್ಯಗಳಿಗೆ 50 ವರ್ಷಗಳ ಬಡ್ಡಿರಹಿತ ಸಾಲ ಕೊಡುತ್ತಿದೆ. ಕೇಳಲು ಹಿತ; ಆದರೆ ಒಪ್ಪಿಗೆಯ ಹಗ್ಗವೂ ಅರ್ಧ ಶತಮಾನ ಉದ್ದವಾಯಿತು! ಈ ಹಗ್ಗವನ್ನು ಪ್ರಶ್ನಿಸಿ ಕೇರಳ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಪ್ರಕರಣ ಸಂವಿಧಾನ ಪೀಠಕ್ಕೆ ಹೋಯಿತು. ಇನ್ನು ಕೇಂದ್ರ? 2024-25ರೊಳಗೆ ತನ್ನ ಸಾಲವನ್ನು ದೇಶದ ಉತ್ಪನ್ನದ ಶೇ. 40ಕ್ಕೆ ಇಳಿಸುವುದಾಗಿ 2018ರಲ್ಲಿ ತಾನೇ ಕಾನೂನು ಮಾಡಿಕೊಂಡಿತ್ತು. ಆ ಗಡುವು ಬಂದಾಗ ಸಾಲ ಶೇ. 55ಕ್ಕೂ ಮೇಲಿತ್ತು.

ಜರ್ಮನಿ 2009ರಲ್ಲಿ ಸಾಲದ ಮಿತಿಯನ್ನು ಸಂವಿಧಾನಕ್ಕೇ ಸೇರಿಸಿತು. ಅಷ್ಟು ಸಿರಿವಂತ ದೇಶವೂ 2025ರಲ್ಲಿ ಅದನ್ನು ಸಡಿಲಿಸಬೇಕಾಯಿತು.

ಹಾಗೆಂದು ತಪ್ಪೆಲ್ಲ ದೆಹಲಿಯದೇ ಅಲ್ಲ. ಸೊರಬ ಬಂಗಾರಪ್ಪನವರನ್ನು, ಶಿಕಾರಿಪುರ ಯಡಿಯೂರಪ್ಪನವರನ್ನು ಮುಖ್ಯಮಂತ್ರಿ ಗಾದಿಗೆ ಕಳಿಸಿದ ತಾಲ್ಲೂಕುಗಳು. ಎಷ್ಟು ಅನುದಾನ ಬಂತು ಎಂದು ಚಂದ್ರಗುತ್ತಿಯ ನಾವು ಲೆಕ್ಕ ಹಾಕುತ್ತೇವೆ. ಎಷ್ಟು ಸಾಲವಾಯಿತು ಎಂದು ಕೇಳುವುದು ಅಪರೂಪ. ಮತದಾರ ಕೇಳದ ಲೆಕ್ಕವನ್ನು ಶಾಸಕ ಸದನದಲ್ಲಿ ಏಕೆ ಕೇಳಿಯಾನು?

ಸಾಲಕ್ಕೆ ಬೇಲಿ ಬೇಕು. ಅದರ ಗೂಟ ಊರಬೇಕಾದವರು ನಾವು ಆರಿಸಿದ ಸದನದವರು, ಅದೂ ಯಾವ ಸಾಲ ಯಾವ ಕೆಲಸಕ್ಕೆ ಎಂದು ಜನರೆದುರು ಹೇಳಿ. ಮೇಲಿನಿಂದ ಬಿಗಿದ ಬೇಲಿಗೆ ಮೊದಲು ಸಿಕ್ಕಿಬೀಳುವುದು ಬಡ್ಡಿಯೂ ಅಲ್ಲ, ಸಂಬಳವೂ ಅಲ್ಲ. ನಮ್ಮ ರಸ್ತೆ, ಶಾಲೆ, ಕಾಲುವೆ.