ಕೆ. ಕೆ. ಹೆಬ್ಬಾರರ ಗೆರೆ

ನಾನು ಕಲಾವಿಮರ್ಶಕನಲ್ಲ. ಎಂ.ಬಿ.ಬಿ.ಎಸ್. ಓದುವಾಗ ಅನಾಟಮಿ ರೆಕಾರ್ಡಿನಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಕೀಲು, ನರಗಳನ್ನು ಬರೆದದ್ದೇ ನನ್ನ ಚಿತ್ರಕಲೆ. ಆದರೂ ಸಂಪಾದಕರು ಬಿಡಲಿಲ್ಲ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಹತ್ತಿರ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಅಲ್ಲೇ ಮೇಷ್ಟರಾಗಿದ್ದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರಲ್ಲಿ ತೀರಿಕೊಂಡರು. ಇಷ್ಟು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಮೇಷ್ಟರಾಗಿದ್ದ ಈ ಮನುಷ್ಯ 1949ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಅಕಾಡೆಮಿ ಜೂಲಿಯನ್‌ನಲ್ಲಿ ಚಿತ್ರಕಲೆ, ಎಕೋಲ್ ಎಸ್ತಿಯೆನ್‌ನಲ್ಲಿ ಕೊರೆದು ಅಚ್ಚೊತ್ತುವ ಮುದ್ರಣಕಲೆ ಕಲಿತರು. ಊರಲ್ಲಿ ಡಾಕ್ಟರ್ ಅನ್ನಿಸಿಕೊಂಡು ಬಂದು, ಇಲ್ಲಿ ರೆಸಿಡೆನ್ಸಿಯಲ್ಲಿ ಮತ್ತೆ ಅ ಆ ಇ ಈ ಶುರುಮಾಡಿದ ನಮ್ಮಂಥವರಿಗೆ ಆ ಸಂಕಟ ಗೊತ್ತು. ನಮಗದು ಬೇರೆ ದಾರಿಯಿಲ್ಲದೆ ಬಂದದ್ದು; ಅವರು ಬೇಕೆಂದೇ ಆರಿಸಿಕೊಂಡರು. ಚಿತ್ರಕ್ಕೆ ಲಯ ಬೇಕೆಂದು ಕಥಕ್ ನೃತ್ಯವನ್ನೂ ಗುರುಗಳ ಬಳಿ ಅಭ್ಯಾಸ ಮಾಡಿದರಂತೆ!

ಆ ಅಭ್ಯಾಸದ ಫಲವನ್ನು ಅವರ ರೇಖಾಚಿತ್ರಗಳಲ್ಲಿ ನೋಡಬೇಕು. ‘ದಿ ಸಿಂಗಿಂಗ್ ಲೈನ್’ ಎಂಬ ಅವರ ಪುಸ್ತಕದ ಹೆಸರೇ ಎಲ್ಲವನ್ನೂ ಹೇಳುತ್ತದೆ. ಕುಣಿಯುವವರ ಮೈಯಲ್ಲಿ ಅವರು ಒಂದು ಸ್ನಾಯುವನ್ನೂ ಬಿಡಿಸುವುದಿಲ್ಲ. ಆದರೂ ಭಾರ ಯಾವ ಕಾಲಿನ ಮೇಲಿದೆ, ಸೊಂಟ ಎತ್ತ ವಾಲಿದೆ, ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬುದು ನನ್ನಂಥ ವೈದ್ಯನಿಗೂ ಕಾಣುತ್ತದೆ. ಎಕ್ಸ್-ರೇ ಕೂಡ ಇಷ್ಟು ಹೇಳುವುದಿಲ್ಲ.

ಅವರ ತೈಲಚಿತ್ರಗಳ ಬಗ್ಗೆ ನನಗೆ ಇಷ್ಟೇ ಉತ್ಸಾಹವಿಲ್ಲ. ಕೊನೆಕೊನೆಯವುಗಳಲ್ಲಿ ಬಣ್ಣ ದಪ್ಪ, ಬೆಳಕು ಸುಂದರ, ಮನುಷ್ಯ ಮಾತ್ರ ಸ್ವಲ್ಪ ದೂರ. 1947ರಲ್ಲಿ ಮುಂಬಯಿಯಲ್ಲಿ ಸೌಜಾ, ರಜಾ, ಹುಸೇನ್ ಮುಂತಾದವರು ಕಟ್ಟಿದ ಪ್ರೋಗ್ರೆಸಿವ್ ಗುಂಪಿಗೆ ಹೆಬ್ಬಾರರು ಸೇರಿದವರಲ್ಲ. ಸೌಜಾ ಪಕ್ಕದಲ್ಲಿಟ್ಟರೆ ಇವರು ತೀರಾ ಸೌಮ್ಯ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸೌಮ್ಯವೆಂದರೆ ಸುಲಭವೇ? ಆ ಒಂದು ಗೆರೆಯನ್ನು ಎಳೆಯಲು ಹೋಗಿ ನೋಡಿ.

ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಹೈಸ್ಕೂಲಿನಲ್ಲಿರುವ ನನ್ನ ಮಗಳು ಆರ್ಟ್ ಸ್ಕೂಲಿಗೆ ಹೋಗುತ್ತೇನೆಂದಾಗ, ‘ಮೊದಲು ಬಯಾಲಜಿ ಮುಗಿಸಮ್ಮ, ಆಮೇಲೆ ನೋಡೋಣ’ ಎಂದು ಬಾಯಿ ಮುಚ್ಚಿಸಿದ್ದೆ. ರಾಜ್ಯೋತ್ಸವದ ದಿನ ಪುಟಾಣಿಗಳ ಕೋಲಾಟ ನಡೆಯುವಾಗ ಅವಳು ಪರದೆಯ ಪಕ್ಕ ಕೂತು, ಪೇಪರ್ ಪ್ಲೇಟಿನ ಹಿಂದೆ ಬರೀ ಪಾದಗಳನ್ನು ಬರೆದಿದ್ದಳು. ಒಂದು ಪಾದದ ಮೇಲೆ ನಿಜಕ್ಕೂ ಭಾರ ಬಿದ್ದಿತ್ತು.

ಹೆಬ್ಬಾರರ ಕೃತಿಗಳ ಸಂಗ್ರಹ ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿದೆ. ಬೇಸಿಗೆ ರಜೆಗೆ ಊರಿಗೆ ಹೋಗುವವರು, ಗ್ಯಾಲರಿ ತೆರೆದಿದೆಯೇ ಎಂದು ಮೊದಲು ವಿಚಾರಿಸಿಕೊಂಡು, ಮಕ್ಕಳನ್ನು ಕರೆದುಕೊಂಡು ಹೋಗಿ. ನಾವೂ ಹೋಗುತ್ತಿದ್ದೇವೆ. ಪೇಪರ್ ಪ್ಲೇಟು ನನ್ನ ಕ್ಲಿನಿಕ್ಕಿನ ಮೇಜಿನ ಮೇಲಿದೆ.